ಅಮ್ಮ ದಿನಾ ಹೋಗುತ್ತಿದ್ದ ಅಂಗಡಿ

ನನ್ನ ಬಾಣಂತನದ ಕಾಲದಲ್ಲಿ ನಮ್ಮ ಮನೆಯಿಂದ ಹೊರಗೆ ಕಾಲಿಡುವ ಹಕ್ಕಿದ್ದದ್ದು ಅಮ್ಮನಿಗೆ ಮಾತ್ರ. ಅಮೆರಿಕದ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನ ಗುಡ್ಡದ ಮೇಲೊಂದು ಅಪಾರ್ಟ್‌ಮೆಂಟು, ಅದರ ಎರಡನೇ ಮಹಡಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಇಳಿಜಾರಿನ ರಸ್ತೆ, ಅದು ಮುಗಿಯುವಲ್ಲಿ ಗ್ಯಾಸ್ ಸ್ಟೇಷನ್ನು, ಅಂದರೆ ಪೆಟ್ರೋಲ್ ಬಂಕು, ಅದಕ್ಕೆ ಅಂಟಿಕೊಂಡು ಒಂದು ಚಿಕ್ಕ ಅಂಗಡಿ. ತುಮಕೂರಿನಿಂದ ಬಂದು ಇನ್ನೂ ಎರಡು ತಿಂಗಳಾಗದ ಅಮ್ಮ ಸೀರೆಯ ಕೆಳಗೆ ನನ್ನ ಸ್ಪೋರ್ಟ್ಸ್ ಶೂ ಹಾಕಿಕೊಂಡು ದಿನಾ ಅಲ್ಲಿಗೆ ಇಳಿದು ಹೋಗುತ್ತಿದ್ದಳು. ಆ ಊರಿನಲ್ಲಿ ಐದು ವರ್ಷದಿಂದಿದ್ದ, ಲೈಸೆನ್ಸ್ ಇದ್ದ, ರ್ಯಾಂಚೊ ಬರ್ನಾರ್ಡೊದ ಆಫೀಸೊಂದರಲ್ಲಿ ಹತ್ತು ಜನರ ಕೆಲಸ ನೋಡಿಕೊಳ್ಳುತ್ತಿದ್ದ ನಾನು ತಲೆಗೆ ಶಾಲು ಕಟ್ಟಿಕೊಂಡು ಕಿಟಕಿಯಲ್ಲಿ ನಿಂತು ಅವಳನ್ನು ನೋಡುತ್ತಿದ್ದೆ.

ಅದು 2012ರ ಸೆಪ್ಟೆಂಬರ್. ಸ್ಯಾನ್ ಡಿಯಾಗೋ ಎಂದರೆ ತಂಪು ಕಡಲತೀರ ಎಂದುಕೊಳ್ಳುವವರು ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆಗೆ ಬರಬೇಕು. ಕಡಲು ಇರುವುದು ಕಡಲಿನ ಪಕ್ಕದವರಿಗೆ. ನಮಗೆ ಮರುಭೂಮಿಯ ಕಡೆಯಿಂದ ಬೀಸುವ ಒಣ ಬಿಸಿಗಾಳಿ. ಅಂಥ ಸೆಕೆಯಲ್ಲಿ ನನಗೆ ಕಾಲುಚೀಲ, ಸ್ವೆಟರ್, ಕಿವಿಗೆ ಹತ್ತಿ, ತಲೆಗೆ ಅಮ್ಮನ ಹಳೇ ಮರೂನ್ ಶಾಲು. ಏಸಿ ಹಾಕುವಂತಿಲ್ಲ, ಶೀತ. ಫ್ಯಾನೂ ಇಲ್ಲ, ವಾಯು. ಹಣ್ಣು ಇಲ್ಲ, ಮೊಸರು ಇಲ್ಲ, ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ನಿಲ್ಲುವುದೂ ಇಲ್ಲ. ಕುಡಿಯುವ ನೀರು ಓಮ ಹಾಕಿ ಕುದಿಸಿದ್ದು, ಅದೂ ಬಿಸಿಬಿಸಿ. ಸಿಸೇರಿಯನ್ ಆದ್ದರಿಂದ ಡಾಕ್ಟರು ಕೆಲವು ವಾರ ಡ್ರೈವ್ ಮಾಡಬೇಡಿ ಎಂದಿದ್ದರು. ಅಮ್ಮನಿಗೆ ಅಷ್ಟು ಸಾಕಾಯಿತು. ಅಮೆರಿಕದ ಡಾಕ್ಟರೂ ತನ್ನ ಪಕ್ಷ ಎಂದು ನನ್ನ ಕಾರಿನ ಕೀ ತೆಗೆದು ತನ್ನ ಸೂಟ್‌ಕೇಸಿನಲ್ಲಿ ಹಾಕಿ ಬೀಗ ಜಡಿದಳು. ನನ್ನ ಮೈಕೈ ಎಲ್ಲ ಬೆಳ್ಳುಳ್ಳಿಯ ವಾಸನೆ. ನನಗೇ ನನ್ನ ಹತ್ತಿರ ಕೂರಲಾಗುತ್ತಿರಲಿಲ್ಲ.

ಇದೆಲ್ಲವನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಬೇರೆ ಇತ್ತು. ನನಗೆ ಮಗಳ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿದಾಗ ಎಲ್ಲರೂ ಮಗುವನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ನಕ್ಕೆ, ಫೋಟೋ ತೆಗೆದರು. ಒಳಗೆ ಏನೂ ಆಗಲಿಲ್ಲ. ಆಮೇಲಾದರೂ ಆಗುತ್ತದೆ ಎಂದು ಕಾದೆ. ಹಾಲು ಕುಡಿಸುವಾಗ, ಬಟ್ಟೆ ಬದಲಿಸುವಾಗ, ತೂಗುವಾಗ ಮನಸ್ಸನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಯಾರೋ ಸ್ವಲ್ಪ ಹೊತ್ತು ನೋಡಿಕೊಂಡಿರಿ ಎಂದು ಕೈಗೆ ಮಗು ಕೊಟ್ಟು ಹೋಗಿ, ಎಷ್ಟು ಹೊತ್ತಾದರೂ ವಾಪಸ್ ಬಾರದಿದ್ದರೆ ಹೇಗಿರುತ್ತದೋ ಹಾಗಿತ್ತು. ಇದನ್ನು ಯಾರ ಮುಂದೆ ಹೇಳುವುದು? ಹೆತ್ತವಳಿಗೇ ಪ್ರೀತಿ ಇಲ್ಲ ಎಂದರೆ ಅವಳೊಂದು ರಾಕ್ಷಸಿ ಎಂದೇ ನಾನೂ ಅಷ್ಟು ವರ್ಷ ನಂಬಿಕೊಂಡು ಬಂದವಳು.

ಗಂಡನಿಗೆ ಹೇಳಬಹುದಿತ್ತು, ಆದರೆ ಅವನು ಸಿಗುತ್ತಿದ್ದುದೇ ಶನಿವಾರ, ಭಾನುವಾರ. ಅವನ ಕೆಲಸ ಲಾಸ್ ಏಂಜಲೀಸಿನ ಎಲ್ ಸೆಗುಂಡೋದಲ್ಲಿ. ಸೋಮವಾರ ಬೆಳಗಾಗುವ ಮೊದಲೇ ಹೊರಟರೆ ಶುಕ್ರವಾರದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬರುತ್ತಿದ್ದ. ವಾರವೆಲ್ಲ ಅಲ್ಲೇ ಇನ್ನಿಬ್ಬರ ಜೊತೆ ಒಂದು ರೂಮು. ಗ್ರೀನ್ ಕಾರ್ಡಿನ ಅರ್ಜಿ ಆ ಕಂಪನಿಯ ಕೈಯಲ್ಲಿತ್ತು. ಬಿಟ್ಟರೆ ಎಲ್ಲ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಅವನು ಅಲ್ಲಿ ಸಿಕ್ಕಿಹಾಕಿಕೊಂಡಿದ್ದ, ನಾನು ಇಲ್ಲಿ.

ವಾರದ ದಿನಸಿಯೂ ಅವನ ಜೊತೆಗೇ ಬರುತ್ತಿತ್ತು. ಲಾಸ್ ಏಂಜಲೀಸಿನ ಕಡೆಯ ಇಂಡಿಯನ್ ಅಂಗಡಿಗಳ ಬೀದಿಗೆ ಹೋಗಿ ಅಂಟಿನುಂಡೆಗೆ ಅಂಟು, ಒಣಕೊಬ್ಬರಿ, ವೀಳ್ಯದೆಲೆ, ಓಮ ಎಲ್ಲ ತರುತ್ತಿದ್ದ. ಸಮಸ್ಯೆ ಬಂದದ್ದು ಸಬ್ಬಸಿಗೆ ಸೊಪ್ಪಿನಿಂದ. ಬಾಣಂತಿಗೆ ಹಾಲು ಬರಬೇಕಾದರೆ ಸಬ್ಬಸಿಗೆ ಬೇಕೇ ಬೇಕು ಎಂದು ಅಮ್ಮನ ಹಟ. ನಮ್ಮ ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ಅದು ಸಿಗುತ್ತಿದ್ದದ್ದು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನಾಲ್ಕು ಎಸಳು. ಅಮ್ಮ ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದೇನೇ, ತೀರ್ಥಕ್ಕೆ ಹಾಕೋದಾ?" ಎಂದಿದ್ದಳು.

ಮುಂದಿನ ಶುಕ್ರವಾರ ಗಂಡ ಗೆದ್ದುಬಂದವನ ಹಾಗೆ ಒಳಗೆ ಬಂದ. ಎರಡೂ ಕೈಯಲ್ಲಿ ಹಸಿರು ಕಟ್ಟುಗಳು, ಗರಿಗರಿಯಾಗಿ ನವಿಲಿನಷ್ಟು ಅಗಲ. ಬುಡದಲ್ಲಿ ಬಿಳೀ ಗಡ್ಡೆ. ಅಮ್ಮ ಒಂದೆಳೆ ಕಿತ್ತು ಮೂಸಿ ನೋಡಿ ಸುಮ್ಮನಾದಳು. ಅದು ಸಬ್ಬಸಿಗೆ ಅಲ್ಲ, ಸೋಂಪಿನ ಗಿಡ. ಹೋಟೆಲಿನಲ್ಲಿ ಊಟ ಆದಮೇಲೆ ಬಟ್ಟಲಲ್ಲಿ ಇಡುತ್ತಾರಲ್ಲ, ಆ ಸೋಂಪು. ಅಳಿಯನ ಮುಂದೆ ತಪ್ಪು ಎತ್ತಿ ಆಡುವುದು ನಮ್ಮಮ್ಮನ ವಂಶದಲ್ಲೇ ಇಲ್ಲ.

"ಚೆನ್ನಾಗಿದೆ, ಎಷ್ಟು ಫ್ರೆಶ್ಶಾಗಿದೆ ನೋಡಿ" ಎಂದಳು ಅವನಿಗೆ.

"ಇಲ್ಲೀದು ಗಡ್ಡೆ ಸಮೇತ ಬರುತ್ತೆ ಅತ್ತೆ" ಎಂದ ಅವನು, ಬೇಸಾಯ ಮಾಡಿದವನ ಹಾಗೆ.

ಆ ರಾತ್ರಿ ಅದನ್ನೇ ತೊಗರಿಬೇಳೆ ಹಾಕಿ ಪಲ್ಯ ಮಾಡಿದಳು. ಬಾಯಿಗಿಟ್ಟರೆ ಊಟದ ಮೊದಲೇ ಊಟ ಮುಗಿದಂಥ ರುಚಿ. ಗಂಡ ಎರಡು ಸಲ ಹಾಕಿಸಿಕೊಂಡ. ಹೇಳಿಬಿಡೋಣ ಎಂದು ನಾನು ಬಾಯಿ ತೆರೆದರೆ ಅಮ್ಮ ಕಣ್ಣಲ್ಲೇ ಗದರಿದಳು. ಅದರ ಫಲವಾಗಿ ಮುಂದಿನ ಶುಕ್ರವಾರ ಅವನು ಇನ್ನೂ ಹೆಚ್ಚು ತಂದ. ಆ ಮನೆಯಲ್ಲಿ ನಾವು ಮೂವರೂ ಒಬ್ಬರ ಮರ್ಯಾದೆಗೆ ಇನ್ನೊಬ್ಬರು ಸೋಂಪಿನ ಸೊಪ್ಪು ತಿಂದುಕೊಂಡು ಬದುಕುತ್ತಿದ್ದೆವು. ಯಾರೂ ನಿಜ ಹೇಳುತ್ತಿರಲಿಲ್ಲ. ಹೇಳಲು ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೆ.

ಅಮ್ಮ ಮೊದಲ ಸಲ ಗ್ಯಾಸ್ ಸ್ಟೇಷನ್ನಿನ ಅಂಗಡಿಗೆ ಹೋದದ್ದು ಹಾಲು ಮುಗಿದದ್ದಕ್ಕೆ. ಮಂಗಳವಾರವೇ ಮುಗಿದಿತ್ತು, ಶುಕ್ರವಾರದವರೆಗೆ ಕಾಯುವಂತಿರಲಿಲ್ಲ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಎಲ್ಲ ಆ ಸ್ವಿಚ್‌ಬೋರ್ಡಿನದು. ಲೈನ್ ಎಂಗೇಜ್ಡ್, ಪ್ಲೀಸ್ ಹೋಲ್ಡ್, ನೋ ರಿಪ್ಲೈ. ಅಷ್ಟನ್ನೇ ನಂಬಿಕೊಂಡು ಹೋದವಳು ಹಾಲಿನ ಕ್ಯಾನು ಸೊಂಟದ ಮೇಲಿಟ್ಟುಕೊಂಡು ಗುಡ್ಡ ಹತ್ತಿ ಬಂದಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

"ಪ್ಲೀಸ್ ಹೋಲ್ಡ್ ಅಂದೆ, ಆ ಅಂಗಡಿಯಮ್ಮ ನಿಂತ್ಲು. ಬ್ಯಾಗು ತೆಗ್ದೆ, ದುಡ್ಡು ಕೊಟ್ಟೆ, ಬಂದೆ. ಅಷ್ಟೇ ಕಣೇ, ಇದಕ್ಯಾಕೆ ನೀವೆಲ್ಲ ಇಷ್ಟು ಹೆದರ್ಸಿದ್ರಿ ನನ್ನ?"

ಅಲ್ಲಿಂದ ಶುರುವಾಯಿತು. ಹಾಲು ಇದ್ದರೆ ಬ್ರೆಡ್ಡು, ಬ್ರೆಡ್ಡು ಇದ್ದರೆ ಬೆಂಕಿಪೊಟ್ಟಣ, ಏನೂ ಬೇಡದಿದ್ದರೆ ಒಂದೇ ಒಂದು ಬಾಳೆಹಣ್ಣು. ಆ ಅಂಗಡಿಯಲ್ಲಿ ಹಣ್ಣನ್ನು ಬಿಡಿಯಾಗಿ ಮಾರುತ್ತಾರೆ ಎಂಬುದು ಅವಳ ಪಾಲಿಗೆ ದೊಡ್ಡ ಶೋಧ. ದಿನಾ ಸಂಜೆ ಬಂದು ವರದಿ ಒಪ್ಪಿಸುವಳು. ಬಾಗಿಲು ತಾನೇ ತೆರೆದುಕೊಳ್ಳುತ್ತದಂತೆ. ಗಾಜಿನ ಪೆಟ್ಟಿಗೆಯಲ್ಲಿ ಕ್ಯಾರೆಟ್ಟು ಉರುಳಿಸಿ ಉರುಳಿಸಿ ಹುರಿಯುತ್ತಾರಂತೆ. ಅದು ಕ್ಯಾರೆಟ್ಟಲ್ಲ, ಹಂದಿಮಾಂಸದ ಹಾಟ್‌ಡಾಗ್ ಎಂದು ನಾನು ಸ್ವಲ್ಪ ಸಂತೋಷದಿಂದಲೇ ತಿಳಿಸಿದೆ. ಆ ದಿನ ಅವಳು ಎರಡು ಸಲ ಸ್ನಾನ ಮಾಡಿದಳು. ಮರುದಿನ ಮತ್ತೆ ಹೋದಳು.

ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಹೆತ್ತ ತಾಯಿಯ ಮೇಲೆ, ಅದೂ ಗ್ಯಾಸ್ ಸ್ಟೇಷನ್ನಿಗೆ ಹೋಗಿಬರುತ್ತಾಳೆ ಎಂಬುದಕ್ಕೆ! ಮೊದಲು ನಾನು ಆ ಅಂಗಡಿಯ ಒಳಗೆ ಹೋದವಳೇ ಅಲ್ಲ. ಕಾರಿಗೆ ಪೆಟ್ರೋಲು ತುಂಬಿಸಿ, ಹೊರಗಿನಿಂದಲೇ ಕಾರ್ಡು ಉಜ್ಜಿ ಹೋಗುತ್ತಿದ್ದೆ. ಈಗ ಅದೇ ನನ್ನ ಕಾಶಿ ರಾಮೇಶ್ವರ ಆಗಿತ್ತು. ಅಮ್ಮ ಹೋದಾಗ ಕಿಟಕಿಯಲ್ಲಿ ನಿಂತು, ಅವಳು ಬರುವವರೆಗೆ ಮಗು ಎದ್ದುಬಿಟ್ಟರೆ ಏನು ಗತಿ ಎಂದು ಕಂಗಾಲಾಗುತ್ತಿದ್ದೆ. ಮಗು ಅತ್ತರೆ ನನಗೂ ಅಳು. ಒಂದು ಕೋಣೆಯಲ್ಲಿ ಇಬ್ಬರೂ ಅಳುತ್ತ ಮೂರನೆಯವಳಿಗಾಗಿ ಕಾಯುವುದು, ಇದೇ ನನ್ನ ಸಂಜೆ.

ಒಂದು ದಿನ ಧೈರ್ಯ ಮಾಡಿ ಹೇಳಿದೆ. ಅಮ್ಮ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

"ಅಮ್ಮ, ನಂಗೆ ಇವಳನ್ನ ನೋಡಿದ್ರೆ ಏನೂ ಅನ್ಸಲ್ಲ."

ಅಮ್ಮನ ಕೈ ನಿಲ್ಲಲಿಲ್ಲ. "ನಿದ್ದೆಗೆಟ್ಟಿದೀಯ. ರಾತ್ರಿ ಕಷಾಯ ಕುಡ್ದು ಮಲ್ಕೋ."

"ನಿದ್ದೆ ಅಲ್ಲಮ್ಮ."

"ಎಲ್ಲಾ ಸರಿಹೋಗತ್ತೆ. ಅಂಟಿನುಂಡೆ ತಿಂದ್ಯಾ ಬೆಳಿಗ್ಗೆ?"

ನಾನು ಎದ್ದು ಹೋಗಿ ಅಂಟಿನುಂಡೆ ತಿಂದೆ. ಇನ್ನು ಇದನ್ನು ಯಾರಿಗೂ ಹೇಳುವುದಿಲ್ಲ, ಸಾಯುವವರೆಗೆ ನಟಿಸಿಕೊಂಡು ಹೋಗುವುದೇ ಎಂದು ಅಂದೇ ತೀರ್ಮಾನ ಮಾಡಿದೆ. ಬಾಗಿಲು ಒಂದೇ ಇತ್ತು, ಅದೂ ಮುಚ್ಚಿತು ಅನ್ನಿಸಿತು.

ಆಮೇಲೆ ಕೆಲವೇ ದಿನಕ್ಕೆ ಆ ಬಿಸಿಗಾಳಿ ಮತ್ತೆ ಎದ್ದಿತು. ಗೋಡೆ ಮುಟ್ಟಿದರೂ ಬಿಸಿ. ಮಧ್ಯಾಹ್ನ ಅಮ್ಮನ ಹತ್ತಿರ ಒಂದು ಲೋಟ ತಣ್ಣೀರು ಬೇಡಿದೆ. ನಿಜವಾಗಿಯೂ ಬೇಡಿದೆ, ಕೈ ಮುಗಿದು. ಅವಳು ಓಮದ ನೀರು ಕೊಟ್ಟು ಅಂಗಡಿಗೆ ಹೊರಟಳು. ಅರ್ಧ ಗಂಟೆ ಬಿಟ್ಟು ಬಂದಳು. ಇವತ್ತು ಅಂಗಡಿಯಮ್ಮ ಹೀಗಂದಳು, ಹಾಗಂದಳು ಎಂದು ಹೇಳಲು ಬಾಯಿ ತೆರೆದರೆ ನಾಲಿಗೆ ನೀಲಿ. ಕಡು ನೀಲಿ, ಶಾಯಿ ಕುಡಿದವರ ಹಾಗೆ.

"ಏನಮ್ಮ ಅದು ನಾಲ್ಗೆ?"

ಅಮ್ಮ ಬಾಯಿ ಮುಚ್ಚಿದಳು. ಆಮೇಲೆ ಸ್ವಲ್ಪವೇ ತೆರೆದು, "ಅಲ್ಲೊಂದು ಮಿಷನ್ನಿದೆ. ಐಸು ಪುಡಿ ಮಾಡಿ ಬಣ್ಣ ಹಾಕಿ ಕೊಡ್ತಾರೆ. ಅವ್ಳೇ ಕೊಟ್ಲು, ಬೇಡ ಅನ್ನಕ್ಕಾಗತ್ತಾ?" ಎಂದಳು.

"ಇವತ್ತೊಂದಿನಾನಾ?"

ಅವಳು ಚೀಲದಿಂದ ಬ್ರೆಡ್ಡು ತೆಗೆದು ಬಹಳ ಜೋಪಾನವಾಗಿ ಕಪಾಟಿನಲ್ಲಿಟ್ಟಳು.

"ದಿನಾ ಐಸ್ ತಿಂತೀಯ ನೀನು! ನನ್ನ ಇಲ್ಲಿ ಬೇಯಿಸಿ ಹಾಕಿ ದಿನಾ ಹೋಗಿ ಐಸ್ ತಿಂತೀಯ!"

"ನಾನೇನು ಬಾಣಂತಿನಾ?" ಎಂದಳು ಅಮ್ಮ.

ಮೈಯೆಲ್ಲ ಉರಿದುಹೋಯಿತು. ಇವತ್ತು ನೆನೆದರೆ ನಗು ಬರುತ್ತದೆ, ಆವತ್ತು ನಗು ಬರಲಿಲ್ಲ. ಹೊಟ್ಟೆಯ ಹೊಲಿಗೆ ಚುರುಗುಟ್ಟುವಷ್ಟು ಜೋರಾಗಿ ಕೂಗಾಡಿದೆ. ಮಗು ಎದ್ದು ಕಿರುಚತೊಡಗಿತು. ಆ ಕಿರುಚಾಟ ಕೇಳಿ ಮಗುವಿನ ಕಡೆ ಹೋಗಬೇಕಿದ್ದ ಕಾಲು ಬಾಗಿಲ ಕಡೆ ಹೋಯಿತು. ಕಾಲುಚೀಲದ ಮೇಲೇ ಚಪ್ಪಲಿ ತುರುಕಿಕೊಂಡೆ, ಬಾಗಿಲ ಪಕ್ಕದ ಬಟ್ಟಲಿನಿಂದ ಒಂದಿಷ್ಟು ಚಿಲ್ಲರೆ ಬಾಚಿಕೊಂಡೆ, ಮೆಟ್ಟಿಲು ಇಳಿದೆ. ಅಮ್ಮ ಹಿಂದಿನಿಂದ ಕೂಗಿದಳು. ನಾನು ತಿರುಗಲಿಲ್ಲ.

ಅಂಗಡಿಯ ಬಾಗಿಲು ನಿಜವಾಗಿಯೂ ತಾನೇ ತೆರೆದುಕೊಂಡಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ನನಗೆ ಅಳು ಉಕ್ಕಿ ಬಂತು. ಕೌಂಟರಿನ ಹಿಂದೆ ನಿಂತಿದ್ದವಳು ಅಮ್ಮನಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಫಿಲಿಪಿನೋ ಹೆಂಗಸು. ನನ್ನ ಶಾಲು, ಕಾಲುಚೀಲ ನೋಡಿ, ಯಾರೆಂದು ಕೇಳಲೇ ಇಲ್ಲ. ನೀನು ಮಗಳು, ಎಂದಳು ಇಂಗ್ಲಿಷಿನಲ್ಲಿ. ಕ್ಯಾಶ್ ಮಿಷನ್ನಿನ ಪಕ್ಕದಲ್ಲಿ ಪೇಪರ್ ಲೋಟದ ನೀರಿನಲ್ಲಿ ಎರಡು ವೀಳ್ಯದೆಲೆ ನಿಲ್ಲಿಸಿತ್ತು. ಲಾಸ್ ಏಂಜಲೀಸಿನಿಂದ ಗಂಡ ನನಗಾಗಿ ತಂದ ಎಲೆ. ಅಮ್ಮ ಶನಿವಾರ ಶನಿವಾರ ಅವಳಿಗೆ ಕುಂಕುಮದ ಜೊತೆ ಎಲೆ ಅಡಿಕೆ ಕೊಡುತ್ತಿದ್ದಳಂತೆ. ಇದನ್ನು ನಮ್ಮಜ್ಜಿಯೂ ಅಗಿಯುತ್ತಿದ್ದಳು, ಈ ದೇಶಕ್ಕೆ ಬಂದಮೇಲೆ ಇದರ ವಾಸನೆಯನ್ನೇ ನೋಡಿರಲಿಲ್ಲ ಎಂದಳು. ನೀವಿಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಗೊತ್ತಿಲ್ಲ ಎಂದಳು.

ಮಿಷನ್ನಿನಿಂದ ದೊಡ್ಡ ಲೋಟದ ತುಂಬ ಕೆಂಪು ಐಸು ತುಂಬಿಸಿಕೊಂಡೆ. ಹೊರಗೆ ಬಂದು, ಐಸ್ ಮೂಟೆಗಳನ್ನಿಡುವ ದೊಡ್ಡ ಫ್ರೀಜರಿನ ನೆರಳಲ್ಲಿ ಫುಟ್‌ಪಾತಿನ ಅಂಚಿಗೆ ಕೂತೆ. ಕಿವಿಯ ಹತ್ತಿ ಕಿತ್ತೆಸೆದೆ. ಒಂದು ಗುಟುಕು ಎಳೆದೆ. ಹಲ್ಲು ಜುಮ್ಮೆಂದಿತು. ಹೆತ್ತ ಮೇಲೆ ಮೊದಲ ಸಲ ನನಗೆ ಏನೋ ಅನ್ನಿಸಿತು, ಅದೂ ಐಸಿನ ಮೇಲೆ. ಆ ಯೋಚನೆ ಬಂದದ್ದೇ ಐಸೂ ಬೇಡವಾಯಿತು.

ಎದುರಿಗೇ ಬಸ್‌ಸ್ಟಾಪು. ನಮ್ಮ ಕಡೆ ಬಸ್ಸು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಯಾರೂ ಹತ್ತುವುದನ್ನು ನೋಡಿರಲಿಲ್ಲ. ಅಂದು ಬಂತು. ಖಾಲಿ ಬಸ್ಸು, ಒಳಗೆ ನೆರಳು, ಎಲ್ಲ ಸೀಟೂ ಬಿಡುವಾಗಿತ್ತು. ಬಾಗಿಲು ತೆರೆಯಿತು. ನಾನು ಎದ್ದು ನಿಂತೆ. ಎಲ್ಲಿಗೆ ಎಂದು ಕೇಳಿದ್ದರೆ ಹೇಳಲು ಊರಿರಲಿಲ್ಲ. ಈ ಬಸ್ಸು ಹತ್ತಿ ಕೂತರೆ ಮಗು ಅಮ್ಮನ ಹತ್ತಿರ ಇರುತ್ತದೆ, ಅಮ್ಮ ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಯಾರಿಗೂ ಏನೂ ನಷ್ಟವಿಲ್ಲ. ಎಷ್ಟು ಸರಳವಾದ ಲೆಕ್ಕ ಅನ್ನಿಸಿತು. ಡ್ರೈವರು ನನ್ನನ್ನೊಮ್ಮೆ, ಶಾಲನ್ನೊಮ್ಮೆ ನೋಡಿ ಸ್ವಲ್ಪ ಹೊತ್ತು ಕಾದ. ಕಾಲು ಏಳಲಿಲ್ಲ. ಬಸ್ಸು ಹೋಯಿತು. ನಾನು ಮತ್ತೆ ಕೂತೆ.

ತಿರುಗಿ ನೋಡಿದರೆ ಅಮ್ಮ. ಮಗುವನ್ನು ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು. ಮೂರು ತಿಂಗಳು ತುಂಬುವವರೆಗೆ ಹೊಸಿಲು ದಾಟಿಸಬಾರದು ಎಂದಿದ್ದವಳು ಬಟ್ಟಬಿಸಿಲಲ್ಲಿ ಮಗುವನ್ನು ಗ್ಯಾಸ್ ಸ್ಟೇಷನ್ನಿಗೆ ತಂದಿದ್ದಳು. ಬೈಗುಳಕ್ಕೆ ಸಿದ್ಧವಾಗಿ ತಲೆ ತಗ್ಗಿಸಿದೆ. ಅವಳು ಸೀರೆ ಸರಿಮಾಡಿಕೊಂಡು ನನ್ನ ಪಕ್ಕದಲ್ಲಿ, ಆ ಎಣ್ಣೆಕಲೆಯ ಸಿಮೆಂಟಿನ ಮೇಲೇ ಕೂತಳು.

"ಬಸ್ಸು ಬಂದಾಗ ನೀನು ಎದ್ದು ನಿಂತೆ. ನೋಡ್ದೆ" ಎಂದಳು.

ನಾನು ಕರಗುತ್ತಿದ್ದ ಕೆಂಪು ಐಸನ್ನು ಕಲಕಿದೆ.

"ನೀನು ಹುಟ್ಟಿ ಇನ್ನೂ ತಿಂಗಳಾಗಿರ್ಲಿಲ್ಲ. ತಿಪಟೂರಲ್ಲಿ, ಅಜ್ಜಿ ಮನೇಲಿ. ಮಧ್ಯಾಹ್ನ ಎಲ್ರೂ ಮಲಗಿದ್ರು. ಎದ್ದು ಹಿತ್ಲ ಬಾಗ್ಲಿಂದ ಬಸ್‌ಸ್ಟ್ಯಾಂಡಿಗೆ ಹೋದೆ. ತುಮಕೂರು ಬಸ್ಸು ನಿಂತಿತ್ತು. ಹತ್ತಿದೆ."

"ಯಾಕೆ?"

"ನೀನ್ಯಾಕೆ ಬಂದೆ ಇಲ್ಲಿಗೆ?"

ಕಾರೊಂದು ಬಂದು ಪೆಟ್ರೋಲು ತುಂಬಿಸಿಕೊಂಡು ಹೋಯಿತು. ಅಮ್ಮ ಮಗುವಿನ ಮುಖದ ಮೇಲೆ ಸೆರಗು ಎಳೆದು ಬಿಸಿಲು ಮರೆ ಮಾಡಿದಳು.

"ದಾರೀಲಿ ಕೆ.ಬಿ. ಕ್ರಾಸಿನ ಹತ್ರ ಹಾಲು ಸೋರಿ ರವಿಕೆ ಎಲ್ಲಾ ಒದ್ದೆ ಆಯ್ತು. ಪಕ್ಕದಲ್ಲಿ ಗಂಡಸ್ರು ಕೂತಿದ್ರು. ನಾಚ್ಕೆ ಆಯ್ತು. ಇಳ್ದು, ವಾಪಸ್ ಬರೋ ಬಸ್ಸು ಹತ್ತಿದೆ. ಬಂದಾಗ್ಲೂ ಎಲ್ರೂ ಮಲಗೇ ಇದ್ರು. ಯಾರಿಗೂ ಗೊತ್ತಿಲ್ಲ, ನಿಮ್ಮಪ್ಪಂಗೂ."

"ನನ್ನ ನೆನಪಾಗಿ ಬಂದಿದ್ದಲ್ವಾ?"

"ಇಲ್ಲ. ರವಿಕೆ ಒದ್ದೆ ಆಯ್ತು ಅಂತ."

ಅವಳು ಅದನ್ನು ಎಷ್ಟು ಸಹಜವಾಗಿ ಹೇಳಿದಳೆಂದರೆ ನನಗೆ ನೋವಾಗಬೇಕು ಎಂಬುದೂ ಹೊಳೆಯಲಿಲ್ಲ. ನಾನೇ ಕೇಳಿದೆ. "ಮತ್ತೆ ಯಾವಾಗ ಬಂತು? ಪ್ರೀತಿ?"

ಅಮ್ಮ ನಿಜವಾಗಿಯೂ ನೆನಪು ಮಾಡಿಕೊಂಡಳು, ಹಣೆ ಗಂಟಿಕ್ಕಿ. "ನಿಂಗೆ ಆರು ವರ್ಷ ಇರ್ಬೇಕು. ಒಂದಿನ ಸ್ಕೂಲಿಂದ ಬಂದು ಬ್ಯಾಗು ಎಸೆದು, ನಮ್ಮ ಮಿಸ್ಸಿಗೆ ಮಗ್ಗಿ ಬರಲ್ಲ, ನೋಡ್ಕೊಂಡು ಹೇಳ್ತಾರೆ ಅಂದೆ. ನಂಗೆ ನಗು ಬಂತು. ಅವತ್ತು ಅನ್ನಿಸ್ತು, ಪರವಾಗಿಲ್ಲ, ಇವಳ ಜೊತೆ ಇರ್ಬೋದು ಅಂತ."

"ಆರು ವರ್ಷ?"

"ಹೂಂ."

"ಅಲ್ಲಿವರ್ಗೂ?"

"ಅಲ್ಲಿವರ್ಗೂ ಏನು? ಎರೆದೆ, ತಿನ್ನಿಸ್ದೆ, ಜ್ವರ ಬಂದ್ರೆ ರಾತ್ರಿಯೆಲ್ಲ ಕೂತಿದ್ದೆ, ಜಡೆ ಹಾಕ್ದೆ." ಅವಳು ನನ್ನ ಕಡೆ ತಿರುಗಿದಳು. "ನಿಂಗೇನಾದ್ರೂ ವ್ಯತ್ಯಾಸ ಗೊತ್ತಾಯ್ತಾ?"

ನನ್ನ ಬಾಲ್ಯವನ್ನೆಲ್ಲ ತಡಕಾಡಿದೆ. ಅವಳ ಡ್ಯೂಟಿಯ ಸೀರೆಗಳು, ಬಿಸಿ ಎಣ್ಣೆಯ ಕೈ, ಗದರಿಕೆ, ನನ್ನ ತಟ್ಟೆಗೆ ಮಾತ್ರ ಬೀಳುತ್ತಿದ್ದ ಹಾಲಿನ ಕೆನೆ. ಆರನೇ ವರ್ಷಕ್ಕೆ ಮೊದಲಿನದು ಯಾವುದು, ಆಮೇಲಿನದು ಯಾವುದು ಎಂದು ಹುಡುಕಿದೆ. ನಡುವೆ ಎಲ್ಲೂ ಗೆರೆ ಇರಲಿಲ್ಲ.

"ಇಲ್ಲ" ಎಂದೆ.

"ಹಂಗಾದ್ರೆ ಇಸ್ಕೋ ಇವಳನ್ನ. ನನ್ನ ಕೈ ನೋಯ್ತಿದೆ."

ಇಸಕೊಂಡೆ. ಮಗುವಿಗೆ ಹಸಿವಾಗಿತ್ತು.